ಪದವಿನ ಇಬ್ಬನಿ ಗಿಡ, ಗಾರೋ ಬೆಟ್ಟದ ಹೂಜಿ: ಗಿಡಗಳಿಗೂ ಉಂಟು ಮನೆತನದ ಗುರುತು

ಆಟಿಯ ಮಳೆ ಸ್ವಲ್ಪ ಬಿಟ್ಟ ಒಂದು ಭಾನುವಾರ ಬೆಳಿಗ್ಗೆ ನಾವು ಮಂಗಳೂರಿನ ಹೊರವಲಯದ ಒಂದು ಪದವಿಗೆ ಹೋಗಿದ್ದೆವು. ಜೊತೆಗಿದ್ದವರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಒಬ್ಬರು ಟೀಚರ್. ಪದವು ಅಂದರೆ ಏನೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ಚಪ್ಪಟೆ, ಕೆಳಗೆ ಮುರಕಲ್ಲು, ಬೇಸಿಗೆಯಲ್ಲಿ ಕಾಲಿಟ್ಟರೆ ಸುಡುವ ಬಂಡೆ, ಮಳೆಗಾಲದಲ್ಲಿ ಹಸಿರು ಚಾಪೆ ಹಾಸಿದ ಹಾಗೆ. ಕ್ರಿಕೆಟ್ ಆಡುವ ಮಕ್ಕಳಿಗೂ ಮೇಯುವ ದನಗಳಿಗೂ ಬಿಟ್ಟರೆ ಯಾರಿಗೂ ಬೇಡದ ಜಾಗ ಎಂದೇ ನಾವೆಲ್ಲ ತಿಳಿದುಕೊಂಡಿದ್ದು. ಬಂಡೆಯ ತಗ್ಗುಗಳಲ್ಲಿ ನೀರು ನಿಂತಿತ್ತು. ಟೀಚರ್ ಕೊಡೆ ಮಡಚಿ ಅಲ್ಲೇ ಕುಕ್ಕುರುಗಾಲಲ್ಲಿ ಕೂತರು.

"ಬಗ್ಗಿ ನೋಡಿ. ಅಲ್ಲಿ ಕೆಂಪಾಗಿ ಹೊಳೀತಾ ಉಂಟಲ್ಲ, ಅದೇ."

ನಾವು ಬಗ್ಗಿದೆವು. ಒಂದು ರೂಪಾಯಿ ನಾಣ್ಯದಷ್ಟು ಅಗಲದ ಕೆಂಪು ಗಿಡ, ನೆಲಕ್ಕೆ ಅಂಟಿಕೊಂಡು ಕೂತಿದೆ. ಎಲೆಯ ತುಂಬ ಕೂದಲು, ಒಂದೊಂದು ಕೂದಲಿನ ತುದಿಯಲ್ಲೂ ಇಬ್ಬನಿಯ ಹನಿಯಂಥ ಅಂಟು. ಒಂದು ಎಲೆಯಲ್ಲಿ ಸಣ್ಣ ನೊಣ ಸಿಕ್ಕಿಬಿದ್ದು ಕಾಲು ಆಡಿಸುತ್ತಿತ್ತು. ಡ್ರಾಸಿರಾ ಬರ್ಮನ್ನೈ ಅಂತ ಅದರ ಹೆಸರು. ನಾಲ್ಕು ಹೆಜ್ಜೆ ಆಚೆ ಅದರದ್ದೇ ನೆಂಟ, ಉದ್ದ ಸಪೂರ ಎಲೆಯ ಡ್ರಾಸಿರಾ ಇಂಡಿಕಾ. ಅದರ ಪಕ್ಕದ ಕೆಸರಿನಲ್ಲಿ ಹುಲ್ಲಿನ ನಡುವೆ ನೀಲಿ ಹೂವು ಬಿಟ್ಟ ಯುಟ್ರಿಕ್ಯುಲೇರಿಯಾ. ಹೂವು ನೋಡಿದರೆ ಪಾಪದ ಗಿಡ ಅನ್ನಿಸುತ್ತದೆ, ಆದರೆ ಕೆಸರಿನ ಒಳಗೆ ಅದಕ್ಕೆ ಸಾಸಿವೆಗಿಂತ ಸಣ್ಣ ಚೀಲಗಳಿವೆ. ಹತ್ತಿರ ಬಂದ ಜೀವಿಯನ್ನು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ, ಒಂದು ಸೆಕೆಂಡಿನ ಸಾವಿರದ ಒಂದು ಪಾಲಿನೊಳಗೆ, ಅವು ಒಳಕ್ಕೆ ಎಳೆದುಕೊಳ್ಳುತ್ತವೆ.

ಅಷ್ಟರಲ್ಲಿ ಪಕ್ಕದ ಜಾಗದ ಯಜಮಾನರು ತಲೆಗೆ ಬೈರಾಸು ಸುತ್ತಿಕೊಂಡು ಬಂದರು. ಅವರ ಜಾಗದ ಆಚೆ ತುದಿಯಲ್ಲಿ ಕಲ್ಲಿನ ಕೋರೆ ಉಂಟು. ಮಳೆಗೆ ಕೆಲಸ ನಿಂತು ಕೋರೆಯ ಗುಂಡಿಯಲ್ಲಿ ಕೆಂಪು ನೀರು ತುಂಬಿತ್ತು.

"ಎಂತ ಹುಡುಕುವುದು ಮಾರಾಯ್ರೆ? ಚಿನ್ನ ಉಂಟಾ?"

"ನೊಣ ತಿನ್ನುವ ಗಿಡ ಉಂಟು ಕಾಕ" ಎಂದೆವು. ತೋರಿಸಿದೆವು. ಎಪ್ಪತ್ತು ವರ್ಷ ಇದೇ ಪದವಿನಲ್ಲಿ ನಡೆದಾಡಿದವರು, ಮೊದಲ ಸಲ ಬಗ್ಗಿ ನೋಡಿದರು. ಮೆಚ್ಚಿದರು. ಮತ್ತೆ ಸೊಂಟ ನೆಟ್ಟಗೆ ಮಾಡಿ ಒಂದು ಪ್ರಶ್ನೆ ಕೇಳಿದರು:

"ಕೋರೆ ಮುಂದೆ ಬಂದು ಇದು ಇಲ್ಲಿ ಹೋಯ್ತು ಅಂತ ಇಟ್ಕೊಳ್ಳಿ. ಎಂತಾಯ್ತು? ಆಚೆ ಪದವಿನಲ್ಲಿ ಉಂಟಲ್ಲ? ಅದೂ ಇದೂ ಒಂದೇ ಗಿಡ ಅಲ್ವಾ?"

ಟೀಚರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅದೂ ಇದೂ ಒಂದೇನಾ ಅಂತ ಹೇಳಲಿಕ್ಕೆ ಕಣ್ಣು ಸಾಲುವುದಿಲ್ಲ ಕಾಕ. ಅದಕ್ಕೆ ಬೇರೆಯೇ ಒಂದು ಲೆಕ್ಕ ಉಂಟು" ಎಂದರು. ಆ ಲೆಕ್ಕ ಏನು ಅಂತ ತಿಳಿದುಕೊಂಡು ಬರೆದದ್ದು ಈ ವಾರದ ಲೇಖನ.

ಗಿಡಕ್ಕೆ ಮಾಂಸ ಯಾಕೆ?

ಮೊದಲು ಒಂದು ತಪ್ಪು ಕಲ್ಪನೆ ಬಿಡಬೇಕು. ಈ ಗಿಡಗಳು ನೊಣ ತಿಂದು ಬದುಕುವುದಲ್ಲ. ಬೇರೆ ಗಿಡಗಳ ಹಾಗೆಯೇ ಬಿಸಿಲು, ನೀರು, ಗಾಳಿಯಿಂದ ತಮ್ಮ ಅನ್ನ ತಾವೇ ಮಾಡಿಕೊಳ್ಳುತ್ತವೆ. ಅವಕ್ಕೆ ಕಡಿಮೆ ಬೀಳುವುದು ಗೊಬ್ಬರ. ಪದವಿನ ಮೇಲೆ ಮಣ್ಣು ಒಂದೆರಡು ಅಂಗುಲ. ನಮ್ಮ ಕರಾವಳಿಯ ಮಳೆ ಆ ಮಣ್ಣಿನ ಸಾರವನ್ನೆಲ್ಲ ತೊಳೆದು ಹೊಳೆಗೆ ಒಯ್ಯುತ್ತದೆ. ಸಾರಜನಕವೂ ರಂಜಕವೂ ಉಳಿಯುವುದಿಲ್ಲ. ಹಾಗಾಗಿ ಅಲ್ಲಿ ಬದುಕಲು ಈ ಗಿಡಗಳು ಬೇರೆ ದಾರಿ ಹುಡುಕಿಕೊಂಡವು: ಕೀಟ ಹಿಡಿದು ಅದರಿಂದ ಗೊಬ್ಬರ ಹೀರುವುದು. 1875ರಲ್ಲಿ ಚಾರ್ಲ್ಸ್ ಡಾರ್ವಿನ್ ಇವುಗಳ ಮೇಲೆ ಒಂದು ಇಡೀ ಪುಸ್ತಕವನ್ನೇ ಬರೆದರು. ಇಂಥ ಸಸ್ಯಗಳು ಜಗತ್ತಿನಲ್ಲಿ ಸುಮಾರು 800 ಜಾತಿ ಇವೆ.

ಬಡ ನೆಲದಲ್ಲಿ ಬದುಕಲು ಕಲಿತ ಗಿಡಕ್ಕೆ ಒಂದು ಕಷ್ಟ ಉಂಟು. ಒಳ್ಳೆಯ ನೆಲದಲ್ಲಿ ಅದು ಸೋಲುತ್ತದೆ. ಗೊಬ್ಬರ ಬಿದ್ದರೆ ಹುಲ್ಲು ಎದ್ದು ಇದನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ಇವು ಇರುವುದು ಅಲ್ಲೊಂದು ಇಲ್ಲೊಂದು ತುಂಡು ಜಾಗದಲ್ಲಿ ಮಾತ್ರ. ಒಂದು ಪದವು, ನಡುವೆ ಬೈಲು, ತೋಟ, ಮನೆ, ರಸ್ತೆ, ಮತ್ತೆ ಇನ್ನೊಂದು ಪದವು. ಸಮುದ್ರದ ನಡುವಿನ ದ್ವೀಪಗಳು ಇದ್ದ ಹಾಗೆ. ಒಂದು ದ್ವೀಪದ ಗಿಡಕ್ಕೂ ಇನ್ನೊಂದು ದ್ವೀಪದ ಗಿಡಕ್ಕೂ ಹೋಗಿ ಬರುವ ಸಂಬಂಧ ಉಂಟಾ, ಕಡಿದುಹೋಗಿದೆಯಾ? ವಿಜ್ಞಾನಿಗಳು ಕೇಳುವ ಪ್ರಶ್ನೆಯೂ ಕಾಕ ಕೇಳಿದ ಪ್ರಶ್ನೆಯೂ ಒಂದೇ.

ಗಾರೋ ಬೆಟ್ಟದ 'ಭೂತದ ಬುಟ್ಟಿ'

ನಮ್ಮ ದೇಶದಲ್ಲಿ ಈ ಪ್ರಶ್ನೆಯನ್ನು ಹಿಡಿದು ಕೆಲಸ ನಡೆದದ್ದು ಮೇಘಾಲಯದಲ್ಲಿ. ಅಲ್ಲಿ ಬೆಳೆಯುವ ನೆಪೆಂಥಿಸ್ ಖಾಸಿಯಾನಾ ಭಾರತದ ಒಂದೇ ಒಂದು ಹೂಜಿ ಗಿಡ. ಶಾಲೆಯ ಪುಸ್ತಕದಲ್ಲಿ ಚಿತ್ರ ನೋಡಿದ ನೆನಪು ಎಲ್ಲರಿಗೂ ಇರಬಹುದು. ಎಲೆಯ ತುದಿ ಬಳ್ಳಿಯ ಹಾಗೆ ಉದ್ದವಾಗಿ, ಅದರ ಕೊನೆಯಲ್ಲಿ ಮುಚ್ಚಳ ಇರುವ ಒಂದು ಹೂಜಿ. ಒಳಗೆ ರಸ. ಅಂಚಿನ ಸಿಹಿಗೆ ಬಂದ ಇರುವೆ ಜಾರಿ ಬಿದ್ದರೆ ಮೇಲೆ ಬರುವುದಿಲ್ಲ. ಗಾರೋ ಜನ ಇದನ್ನು 'ಮೆಮಂಗ್ ಕೊಕ್ಸಿ' ಎನ್ನುತ್ತಾರೆ, ಅಂದರೆ ಭೂತದ ಬುಟ್ಟಿ. ಖಾಸಿಗಳು 'ಟಿಯು ರಾಕೋಟ್', ರಾಕ್ಷಸ ಹೂವು ಎನ್ನುತ್ತಾರೆ. ಬಾಯಿ ತೆರೆಯದ ಹೂಜಿಯ ರಸವನ್ನು ಕಣ್ಣಿನ ತೊಂದರೆಗೂ ಹೊಟ್ಟೆಯ ತೊಂದರೆಗೂ ಬಳಸುವ ಮನೆಮದ್ದಿನ ರೂಢಿಯೂ ಅಲ್ಲಿ ಉಂಟು.

ಈ ಗಿಡ ಈಗ ಅಪಾಯದಲ್ಲಿದೆ. ಕಾರಣಗಳು ನಮಗೆ ಹೊಸತಲ್ಲ: ಕಲ್ಲಿದ್ದಲ ಗಣಿ, ಸುಣ್ಣದಕಲ್ಲು, ರಸ್ತೆ, ಕಾಡು ಸುಟ್ಟು ಬೇಸಾಯ, ಗಿಡ ಕಿತ್ತು ಮಾರುವುದು. ಜೈಂತಿಯಾ ಬೆಟ್ಟಗಳ ಇಲಿಬಿಲದಂಥ ಕಲ್ಲಿದ್ದಲ ಗಣಿಗಳನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರಲ್ಲಿ ನಿಷೇಧಿಸಿದ್ದು ಪತ್ರಿಕೆ ಓದುವವರಿಗೆ ನೆನಪಿರಬಹುದು. ಗಿಡಕ್ಕೆ ಕಾನೂನಿನ ರಕ್ಷಣೆ ಇಲ್ಲದಿಲ್ಲ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಿತ ಸಸ್ಯಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಅಳಿವಿನಂಚಿನ ಜೀವಿಗಳ ವ್ಯಾಪಾರ ತಡೆಯುವ ಅಂತಾರಾಷ್ಟ್ರೀಯ ಒಪ್ಪಂದದ ಮೊದಲನೆಯ, ಅಂದರೆ ಅತಿ ಬಿಗಿಯಾದ, ಪಟ್ಟಿಯಲ್ಲೂ ಇದೆ. ದಕ್ಷಿಣ ಗಾರೋ ಬೆಟ್ಟಗಳ ಬಾಘ್‌ಮಾರಾದಲ್ಲಿ ಇದಕ್ಕಾಗಿಯೇ ಒಂದು ಅಭಯಾರಣ್ಯ ಉಂಟು. ಹೆಸರು ದೊಡ್ಡದು, ಆದರೆ ವಿಸ್ತೀರ್ಣ ಮೂರು ಹೆಕ್ಟೇರಿಗಿಂತಲೂ ಕಡಿಮೆ. ನಮ್ಮ ಕಡೆ ಒಬ್ಬ ಅಡಿಕೆ ಕೃಷಿಕನ ತೋಟ ಅದಕ್ಕಿಂತ ದೊಡ್ಡದಿರುತ್ತದೆ.

ಮೂರು ಹೆಕ್ಟೇರಿನೊಳಗೆ ಇರುವ ಗಿಡಗಳನ್ನು ಕಾದರೆ ಸಾಕಾ? ಗಾರೋ ಬೆಟ್ಟದ ಗಿಡ ಉಳಿದರೆ ಜೈಂತಿಯಾ ಬೆಟ್ಟದ ಗಿಡವೂ ಉಳಿದ ಹಾಗಾ? ನರ್ಸರಿಯಲ್ಲಿ ಸಾವಿರ ಗಿಡ ಮಾಡಿ ನೆಟ್ಟರೆ ಆಯಿತಾ? ಇದಕ್ಕೆಲ್ಲ ಉತ್ತರ ಗಿಡದ ಡಿಎನ್‌ಎಯಲ್ಲಿ ಇರುವುದು.

ಕರಾವಳಿಗೆ ಗೊತ್ತಿರುವ ಪರೀಕ್ಷೆ

ಡಿಎನ್‌ಎ ಗುರುತು ಎಂಬ ಮಾತು ನಮ್ಮ ಊರಿಗೆ ಹೊಸತಲ್ಲ. ತಿಳಿದದ್ದು ಮಾತ್ರ ದುಃಖದಲ್ಲಿ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಬಜ್ಪೆಯಲ್ಲಿ ಬಿದ್ದು 158 ಜೀವ ಹೋದಾಗ, ಗುರುತು ಸಿಗದ ದೇಹಗಳಿಗಾಗಿ ರಕ್ತಸಂಬಂಧಿಗಳ ರಕ್ತ ತೆಗೆದು ಹೈದರಾಬಾದಿನ ಪ್ರಯೋಗಾಲಯಕ್ಕೆ ಕಳಿಸಿದ್ದರು. ಉತ್ತರ ಬರುವವರೆಗೆ ಆ ಮನೆಗಳು ಹೇಗೆ ಕಾದವು ಎಂದು ನಾವು ಇಲ್ಲಿ ಮತ್ತೆ ಬರೆಯುವುದಿಲ್ಲ. ಆದರೆ ಅಂದು ನೋಡಿದ ಗುರುತು ಯಾವುದು ಎಂದು ತಿಳಿದರೆ ಗಿಡದ ಕಥೆಯೂ ಅರ್ಥವಾಗುತ್ತದೆ, ಯಾಕೆಂದರೆ ಎರಡರ ತತ್ವ ಒಂದೇ.

ಡಿಎನ್‌ಎ ಎಂದರೆ ನಾಲ್ಕೇ ಅಕ್ಷರಗಳಲ್ಲಿ ಬರೆದ ಬಹಳ ಉದ್ದದ ಬರಹ. ಮನುಷ್ಯನಲ್ಲಿ ಆ ಬರಹ ಸುಮಾರು 300 ಕೋಟಿ ಅಕ್ಷರ. ಅದರಲ್ಲಿ ಅಲ್ಲಲ್ಲಿ ಒಂದೇ ತುಂಡು ಮತ್ತೆ ಮತ್ತೆ ಬರುತ್ತದೆ: ಸಿಎ ಸಿಎ ಸಿಎ ಸಿಎ ಅಂತ, ಒಂದೇ ಬಣ್ಣದ ಮಣಿಗಳನ್ನು ಪೋಣಿಸಿದ ಹಾಗೆ. ತಂದೆಯಿಂದ ಒಂದು ಸರ, ತಾಯಿಯಿಂದ ಒಂದು ಸರ ಮಕ್ಕಳಿಗೆ ಬರುತ್ತದೆ. ಉಮ್ಮನಿಂದ ಬಂದದ್ದರಲ್ಲಿ 12 ಮಣಿ, ಉಪ್ಪನಿಂದ ಬಂದದ್ದರಲ್ಲಿ 15 ಮಣಿ ಇರಬಹುದು. ಇನ್ನೊಬ್ಬರಲ್ಲಿ 9 ಮತ್ತು 14. ಇಂಥ ಹದಿನೈದೋ ಇಪ್ಪತ್ತೋ ಜಾಗಗಳಲ್ಲಿ ಮಣಿ ಎಣಿಸಿದರೆ ಯಾರು ಯಾರ ಮಗ ಎಂದು ಹೇಳಬಹುದು. ಈ ಪುಟ್ಟ ಸರಗಳಿಗೆ ಮೈಕ್ರೋಸ್ಯಾಟಲೈಟ್ ಎಂದು ಹೆಸರು. ಎಣಿಸಲು ಆರಿಸಿಕೊಂಡ ಜಾಗವೇ 'ಜೆನೆಟಿಕ್ ಮಾರ್ಕರ್', ಅಂದರೆ ಆನುವಂಶಿಕ ಗುರುತು.

ಮಣಿಗಳ ಸಂಖ್ಯೆ ಒಬ್ಬೊಬ್ಬರಲ್ಲಿ ಬೇರೆ ಯಾಕೆ? ಬೀಡಿ ಕಟ್ಟಿದ ಮನೆಗಳಲ್ಲಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೈ ಒಂದೇ ವೇಗದಲ್ಲಿ ಎಣಿಸಿ ಕಟ್ಟು ಮಾಡುತ್ತಾ ಹೋಗುವಾಗ ಎಲ್ಲೋ ಒಮ್ಮೆ ಒಂದು ಹೆಚ್ಚು, ಎಲ್ಲೋ ಒಮ್ಮೆ ಒಂದು ಕಡಿಮೆ ಆಗುತ್ತದೆ. ಎಲ್ಲ ಒಂದೇ ಥರ ಇರುವುದರಿಂದಲೇ ಲೆಕ್ಕ ತಪ್ಪುವುದು. ಜೀವಕೋಶ ಡಿಎನ್‌ಎಯನ್ನು ನಕಲು ಮಾಡುವಾಗಲೂ ಹಾಗೆಯೇ, ಇಂಥ ಜಾಗದಲ್ಲಿ ಒಂದು ಮಣಿ ಜಾರುತ್ತದೆ. ಆ ತಪ್ಪು ಮುಂದಿನ ತಲೆಮಾರಿಗೆ ಹೋಗಿ ಅಲ್ಲಿ ಮನೆತನದ ಗುರುತಾಗುತ್ತದೆ. ಬೇರೆ ಬೇರೆಯಾಗಿ ನೂರಾರು ತಲೆಮಾರು ಕಳೆದ ಎರಡು ಗುಂಪುಗಳಲ್ಲಿ ಮಣಿಗಳ ಲೆಕ್ಕವೂ ಬೇರೆ ಬೇರೆ ಆಗಿರುತ್ತದೆ.

ಮಾರ್ಕರ್ ತಯಾರಿಸುವುದು ಹೇಗೆ?

ಮನುಷ್ಯರಿಗಾದರೆ ಈ ಜಾಗಗಳು ಮೊದಲೇ ಗೊತ್ತಿವೆ, ಕಿಟ್ ಸಿದ್ಧ ಉಂಟು. ಭೂತದ ಬುಟ್ಟಿಗೆ ಯಾರು ಕಿಟ್ ಮಾಡಿಟ್ಟಿದ್ದಾರೆ? ಪ್ರತಿಯೊಂದು ಜಾತಿಗೂ ಹೊಸದಾಗಿ ಹುಡುಕಬೇಕು. ಹತ್ತಿರದ ನೆಂಟ ಜಾತಿಗೆ ಮಾಡಿದ್ದು ಕೆಲವೊಮ್ಮೆ ನಡೆಯುತ್ತದೆ, ದೂರದ್ದು ನಡೆಯುವುದಿಲ್ಲ.

ಮೊದಲ ಕೆಲಸ ಎಲೆ ತರುವುದು. ಅರಣ್ಯ ಇಲಾಖೆಯ ಅನುಮತಿ ಬೇಕು, ಗಿಡ ಸಾಯಬಾರದು, ಹಾಗಾಗಿ ಎಳೆಯ ಎಲೆಯ ಒಂದು ಚೂರು ಮಾತ್ರ. ಹೊಸ ಬ್ಯಾಗಿನಲ್ಲಿ, ಶೂ ಪೆಟ್ಟಿಗೆಯಲ್ಲಿ ಸಿಗುತ್ತದಲ್ಲ ಸಿಲಿಕಾ ಜೆಲ್, ಅದರ ಹರಳುಗಳ ನಡುವೆ ಹಾಕಿ ಒಣಗಿಸಿದರೆ ಡಿಎನ್‌ಎ ಕೆಡುವುದಿಲ್ಲ. ಇಲ್ಲಿ ಬೇರೆ ಗಿಡಗಳಿಗೆ ಇಲ್ಲದ ಒಂದು ತೊಂದರೆ ಉಂಟು. ಹೂಜಿಯ ಒಳಗಿನಿಂದಲೋ ಅಂಟಿನ ಎಲೆಯಿಂದಲೋ ಚೂರು ತೆಗೆದರೆ ಗಿಡದ ಜೊತೆ ಅದು ತಿಂದ ನೊಣದ ಡಿಎನ್‌ಎಯೂ ಬರುತ್ತದೆ! ಆಮೇಲೆ ಗಿಡದ ಮನೆತನ ಹುಡುಕಲು ಹೋಗಿ ಇರುವೆಯ ಮನೆತನ ಹುಡುಕಿದ ಹಾಗಾದೀತು. ಆದ್ದರಿಂದ ಇನ್ನೂ ಬೇಟೆ ಆಡದ, ಶುದ್ಧವಾದ ಎಳೆ ಭಾಗವನ್ನೇ ಆರಿಸಬೇಕು.

ಎರಡನೆಯದು ಡಿಎನ್‌ಎ ಬೇರ್ಪಡಿಸುವುದು. ಕೀಟ ಹಿಡಿಯುವ ಗಿಡಗಳಲ್ಲಿ ಲೋಳೆ ಜಾಸ್ತಿ, ಬಣ್ಣ ಬಿಡುವ ಒಗರು ರಾಸಾಯನಿಕಗಳೂ ಜಾಸ್ತಿ. ಬಾಳೆಕಾಯಿ ಹೆಚ್ಚಿಟ್ಟರೆ ಕಪ್ಪಾಗುತ್ತದಲ್ಲ, ಹಾಗೆ ಇಡೀ ದ್ರಾವಣ ಕಂದಾಗಿ ಡಿಎನ್‌ಎ ಹಾಳಾಗುತ್ತದೆ. ಲೋಳೆಯನ್ನೂ ಒಗರನ್ನೂ ಹಿಡಿದಿಡುವ ರಾಸಾಯನಿಕಗಳನ್ನು ಸೇರಿಸಿ, ಮತ್ತೆ ಮತ್ತೆ ತೊಳೆದು ಶುದ್ಧ ಮಾಡುವುದರಲ್ಲೇ ಎಷ್ಟೋ ವಿದ್ಯಾರ್ಥಿಗಳ ಮೊದಲ ವರ್ಷ ಮುಗಿಯುತ್ತದೆ.

ಮೂರನೆಯದು ಮಣಿಸರಗಳನ್ನು ಹುಡುಕುವುದು. ಹಿಂದೆ ಡಿಎನ್‌ಎಯನ್ನು ತುಂಡು ಮಾಡಿ, ಸಿಎ ಸಿಎ ಇರುವ ತುಂಡುಗಳನ್ನು ಮಾತ್ರ ಸಣ್ಣ ಅಯಸ್ಕಾಂತದ ಗುಂಡುಗಳಿಂದ ಎಳೆದು ತೆಗೆದು, ಬ್ಯಾಕ್ಟೀರಿಯಾದೊಳಗೆ ಬೆಳೆಸಿ ಓದುತ್ತಿದ್ದರು. ಈಗ ಯಂತ್ರ ಲಕ್ಷಗಟ್ಟಲೆ ತುಂಡುಗಳನ್ನು ಒಟ್ಟಿಗೆ ಓದುತ್ತದೆ, ಸರ ಎಲ್ಲಿದೆ ಎಂದು ಕಂಪ್ಯೂಟರ್ ಹೇಳುತ್ತದೆ.

ನಾಲ್ಕನೆಯದು 'ಪ್ರೈಮರ್'. ಮಣಿಸರದ ಎಡಬದಿಗೂ ಬಲಬದಿಗೂ ಇರುವ ಸುಮಾರು ಇಪ್ಪತ್ತು ಅಕ್ಷರಗಳ ವಿಳಾಸ ಅದು. ಆ ಎರಡು ವಿಳಾಸ ಕೊಟ್ಟರೆ ಪಿಸಿಆರ್ ಯಂತ್ರ ನಡುವಿನ ತುಂಡನ್ನು ಮಾತ್ರ ನಕಲು ಮಾಡುತ್ತದೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಮೂವತ್ತು ಸುತ್ತು ಮುಗಿಯುವಾಗ ಲೆಕ್ಕದ ಪ್ರಕಾರ ನೂರು ಕೋಟಿ ದಾಟುತ್ತದೆ. ಕೊರೋನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ಮಾಡಿದ ಪರೀಕ್ಷೆಯ ಹೆಸರಿನಲ್ಲಿ ಇದ್ದದ್ದೂ ಇದೇ ಪಿಸಿಆರ್. ಇದನ್ನು ಕಂಡುಹಿಡಿದ ಕ್ಯಾರಿ ಮುಲ್ಲಿಸ್ ಅವರಿಗೆ 1993ರಲ್ಲಿ ನೊಬೆಲ್ ಬಂತು.

ಐದನೆಯದು ಪರೀಕ್ಷೆ. ತಾಳ್ಮೆ ಬೇಕಾಗುವುದು ಇಲ್ಲಿ. ಹತ್ತಾರು ಪ್ರೈಮರ್ ಜೋಡಿ ಮಾಡಿಸಿದರೆ ಕೆಲವು ಕೆಲಸವೇ ಮಾಡುವುದಿಲ್ಲ. ಕೆಲವು ಒಂದೇ ಗಿಡದಲ್ಲಿ ನಾಲ್ಕೈದು ಉತ್ತರ ಕೊಡುತ್ತವೆ. ಕೆಲವು ಎಲ್ಲ ಗಿಡಗಳಲ್ಲೂ ಒಂದೇ ಉತ್ತರ ಕೊಡುತ್ತವೆ. ಎಲ್ಲರ ಹೆಸರೂ ಅಬ್ದುಲ್ಲ ಎಂದಾದರೆ ಹೆಸರು ಹಿಡಿದು ಮನೆ ಹುಡುಕಲು ಸಾಧ್ಯವಾ? ಗಿಡದಿಂದ ಗಿಡಕ್ಕೆ ವ್ಯತ್ಯಾಸ ತೋರಿಸುವ, ಇನ್ನೊಬ್ಬರು ಇನ್ನೊಂದು ಲ್ಯಾಬಿನಲ್ಲಿ ಮಾಡಿದರೂ ಅದೇ ಉತ್ತರ ಕೊಡುವ ಒಂದಿಷ್ಟು ಜೋಡಿಗಳು ಕೊನೆಗೆ ಉಳಿಯುತ್ತವೆ. ಅವೇ ಆ ಜಾತಿಯ ಮಾರ್ಕರ್‌ಗಳು.

ಇಷ್ಟೆಲ್ಲ ಖರ್ಚು ಮಾಡಲು ಆಗದವರಿಗೆ ಸುಲಭದ ದಾರಿಯೂ ಉಂಟು. 1990ರಲ್ಲಿ ಬಂದ ರ‍್ಯಾಪಿಡ್ ಎಂಬ ವಿಧಾನದಲ್ಲಿ ಗಿಡದ ಬರಹ ಮೊದಲೇ ತಿಳಿದಿರಬೇಕಾಗಿಲ್ಲ. ಹತ್ತು ಅಕ್ಷರದ ಯಾವುದೋ ಒಂದು ಪ್ರೈಮರ್ ಹಾಕಿ, ಎಲ್ಲೆಲ್ಲಿ ಅಂಟುತ್ತದೋ ಅಲ್ಲಿನ ತುಂಡುಗಳ ಪಟ್ಟಿ ನೋಡುವುದು. ಐಎಸ್‌ಎಸ್‌ಆರ್ ಎಂಬುದು ಎರಡು ಮಣಿಸರಗಳ ನಡುವಿನ ಜಾಗವನ್ನು ನೋಡುವ ವಿಧಾನ. ಖರ್ಚು ಕಡಿಮೆ, ಕೆಲಸ ಬೇಗ. ಕೊರತೆ ಎಂದರೆ, ತಂದೆಯಿಂದ ಬಂದದ್ದು ಯಾವುದು ತಾಯಿಯಿಂದ ಬಂದದ್ದು ಯಾವುದು ಎಂದು ಬೇರೆ ಬೇರೆಯಾಗಿ ಕಾಣುವುದಿಲ್ಲ. ರ‍್ಯಾಪಿಡ್ ಅಂತೂ ಲ್ಯಾಬ್ ಬದಲಾದರೆ ಉತ್ತರವೂ ಸ್ವಲ್ಪ ಬದಲಾಗುವ ಸ್ವಭಾವದ್ದು. ಮೇಘಾಲಯದ ಹೂಜಿ ಗಿಡದ ಮೇಲೆ ಶಿಲ್ಲಾಂಗಿನ ಈಶಾನ್ಯ ಗುಡ್ಡಗಾಡು ವಿಶ್ವವಿದ್ಯಾಲಯದವರು ರ‍್ಯಾಪಿಡ್‌ನಂಥ ವಿಧಾನಗಳಿಂದಲೇ ಕೆಲಸ ಮಾಡಿದರು. ಬೇರೆ ಬೇರೆ ಬೆಟ್ಟಗಳ ಗಿಡಗಳಲ್ಲಿ ವ್ಯತ್ಯಾಸ ಎಷ್ಟು, ಅವುಗಳ ನಡುವೆ ಸಂಬಂಧ ಎಷ್ಟು ಉಳಿದಿದೆ ಎಂದು ಅಳೆದರು.

ಎಣಿಸಿದರೆ ಏನು ತಿಳಿಯುತ್ತದೆ?

ಇಲ್ಲಿ ಗಿಡದ ಮದುವೆಯ ಸಂಗತಿ ಬರುತ್ತದೆ. ನೆಪೆಂಥಿಸ್‌ನಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಒಂದು ಗುಡ್ಡದಲ್ಲಿ ಉಳಿದ ಹತ್ತು ಗಿಡಗಳೂ ಗಂಡೇ ಆದರೆ, ನೋಡಲು ಹಸಿರಾಗಿ ಚಂದ ಇರುತ್ತವೆ, ಬೀಜ ಮಾತ್ರ ಆಗುವುದಿಲ್ಲ. ಇಂಥ ಗಿಡಗಳು ಕಡ್ಡಾಯವಾಗಿ ಬೇರೆ ಗಿಡದ ಜೊತೆ ಕೂಡಬೇಕು. ಹಾಗಾಗಿ ಒಂದು ಗುಂಪಿನ ಒಳಗೇ ವೈವಿಧ್ಯ ಸಾಕಷ್ಟು ಇರುವುದು ವಾಡಿಕೆ. ಗುಂಪು ಸಣ್ಣದಾದರೆ ಹತ್ತಿರದ ಸಂಬಂಧಿಗಳೇ ಮತ್ತೆ ಮತ್ತೆ ಕೂಡಿ ಆ ವೈವಿಧ್ಯ ಕರಗುತ್ತದೆ. ಕಣ್ಣಿಗೆ ಕಾಣುವ ಎಷ್ಟೋ ಕಾಲ ಮೊದಲು ಮಾರ್ಕರ್ ಅದನ್ನು ಹೇಳುತ್ತದೆ: ಅಪ್ಪನ ಸರ, ಅಮ್ಮನ ಸರ ಎರಡರಲ್ಲೂ ಒಂದೇ ಲೆಕ್ಕದ ಮಣಿ ಬರುವ ಗಿಡಗಳು ಜಾಸ್ತಿಯಾಗುತ್ತಾ ಹೋಗುತ್ತವೆ.

ವೈವಿಧ್ಯ ಕರಗಿದರೆ ಏನು ನಷ್ಟ? ಹೊಸ ರೋಗ ಬಂದಾಗ, ಮಳೆ ಒಂದು ತಿಂಗಳು ತಡವಾದಾಗ, ಒಂದೇ ಥರದ ಗಿಡಗಳು ಒಟ್ಟಿಗೆ ಸಾಯುತ್ತವೆ. ಬೇರೆ ಬೇರೆ ಥರ ಇದ್ದರೆ ಕೆಲವಾದರೂ ಉಳಿಯುತ್ತವೆ. ಹಿಂದೆ ನಮ್ಮ ಗದ್ದೆಗಳಲ್ಲಿ ಮೇಲಿನ ಬೆಟ್ಟುಗದ್ದೆಗೆ ಒಂದು ಭತ್ತ, ಕೆಳಗಿನ ಬೈಲುಗದ್ದೆಗೆ ಇನ್ನೊಂದು ಭತ್ತ ಇಟ್ಟುಕೊಳ್ಳುತ್ತಿದ್ದ ಹಿರಿಯರಿಗೆ ಈ ಮಾತು ಹೇಳಿಕೊಡಬೇಕಾಗಿಲ್ಲ.

ನರ್ಸರಿ ಇದಕ್ಕೆ ಉತ್ತರ ಅಲ್ಲವಾ? ಅರ್ಧ ಉತ್ತರ ಮಾತ್ರ. ಅಂಗಾಂಶ ಕೃಷಿಯಲ್ಲಿ, ಅಂದರೆ ಬಾಟಲಿಯೊಳಗೆ ಒಂದು ಚೂರಿನಿಂದ ಸಾವಿರ ಗಿಡ ಮಾಡುವ ವಿಧಾನದಲ್ಲಿ, ಸಾವಿರವೂ ಒಂದೇ ಗಿಡದ ನಕಲು. ಸಂಖ್ಯೆ ಹೆಚ್ಚುತ್ತದೆ, ವೈವಿಧ್ಯ ಹೆಚ್ಚುವುದಿಲ್ಲ. ಹಾಗೆಂದು ನಕಲು ಕರಾರುವಾಕ್ಕಾಗಿರುತ್ತದೆ ಎಂದೂ ಇಲ್ಲ. ಶಿಲ್ಲಾಂಗಿನ ತಂಡ ಬಾಟಲಿಯಲ್ಲಿ ಬೆಳೆಸಿದ ಹೂಜಿ ಗಿಡಗಳನ್ನು ಸತತ ಮೂರು ಸುತ್ತು ಮಾರ್ಕರ್‌ಗಳಿಂದ ಪರೀಕ್ಷಿಸಿದಾಗ, ಸುತ್ತು ಹೆಚ್ಚಿದಂತೆ ಮೂಲಕ್ಕಿಂತ ಬೇರೆಯಾದ ಬದಲಾವಣೆಗಳು ಹೆಚ್ಚುತ್ತಾ ಹೋದವು. ಅಂದರೆ ಮೂಲಗಿಡದ ವೈವಿಧ್ಯ ಅದರಲ್ಲಿ ಸಿಗಲಿಲ್ಲ, ಬಾಟಲಿಯಲ್ಲಿ ಹುಟ್ಟಿದ ಬೇಡದ ತಪ್ಪುಗಳು ಸೇರಿಕೊಂಡವು. ಕಾಡಿಗೆ ನೆಡುವ ಮೊದಲು ಪರೀಕ್ಷೆ ಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಾಗಿಲ್ಲ.

ಬೇರೆ ದೇಶಗಳ ಅನುಭವವೂ ಪಾಠದಂತೆ ಉಂಟು. ಅಮೆರಿಕದ ಗಲ್ಫ್ ತೀರದಲ್ಲಿ (ನಮ್ಮವರು ದುಡಿಯಲು ಹೋಗುವ ಗಲ್ಫ್ ಅಲ್ಲ, ಮೆಕ್ಸಿಕೋ ಕೊಲ್ಲಿಯ ತೀರ) ಸರಸೀನಿಯಾ ಎಂಬ ಬೇರೆ ಜಾತಿಯ ಹೂಜಿ ಗಿಡಗಳಿವೆ. ಅಲ್ಲಿನ ಜೌಗು ಬಯಲಿನ ಹೆಚ್ಚಿನ ಪಾಲು ಬೇಸಾಯಕ್ಕೂ ಕಟ್ಟಡಕ್ಕೂ ಹೋಗಿಯಾಗಿದೆ. ಉಳಿದ ತುಂಡುಗಳಲ್ಲಿ ಯಾವುದು ಸ್ವತಂತ್ರ ಮನೆತನ, ಯಾವುದು ಬೆರಕೆ ಎಂದು ತಿಳಿಯಲು ಅಲ್ಲಿನವರು 2010ರ ಹೊತ್ತಿಗೆ ಮೈಕ್ರೋಸ್ಯಾಟಲೈಟ್ ಮಾರ್ಕರ್‌ಗಳನ್ನು ತಯಾರಿಸಿಕೊಂಡರು. ಒಂದು ಜಾತಿಗೆ ಮಾಡಿದ್ದು ಅದೇ ಕುಲದ ಬೇರೆ ಜಾತಿಗಳಲ್ಲೂ ಕೆಲಸ ಮಾಡಿತು. ಅದೇ ಸರಸೀನಿಯಾವನ್ನು ಯಾರೋ ಆಸಕ್ತರು ಕಳೆದ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ಜೌಗಿನಲ್ಲಿ ನೆಟ್ಟಿದ್ದರು. ಅಲ್ಲಿ ಬೆರಳೆಣಿಕೆಯ ಗಿಡಗಳಿಂದ ದೊಡ್ಡ ಗುಂಪೇ ಹರಡಿತು. ಅಲ್ಲಿ ಅದು ಹೊರಗಿನ ಗಿಡ, ಇರುವ ಗಿಡಗಳ ಜಾಗ ಹಿಡಿಯುವ ಗಿಡ. ಚಂದ ಉಂಟು ಎಂದು ಕಂಡಕಂಡಲ್ಲಿ ನೆಡುವುದು ಸಂರಕ್ಷಣೆ ಆಗುವುದಿಲ್ಲ.

ಗಿಡ ಎಷ್ಟು ಸಣ್ಣದಾದರೂ ಅದರೊಳಗಿನ ಬರಹ ಹಗುರ ಎಂದು ತಿಳಿಯಬಾರದು. ನಮ್ಮ ದೇಶದ ಕೆರೆಗಳಲ್ಲೂ ತೇಲುವ ಯುಟ್ರಿಕ್ಯುಲೇರಿಯಾ ಗಿಬ್ಬಾದ ಇಡೀ ಡಿಎನ್‌ಎಯನ್ನು 2013ರಲ್ಲಿ ವಿಜ್ಞಾನಿಗಳು ಓದಿ ಮುಗಿಸಿದರು. ಎಂಟು ಕೋಟಿ ಚಿಲ್ಲರೆ ಅಕ್ಷರ ಮಾತ್ರ, ಮನುಷ್ಯನದ್ದರ ಮೂವತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಆದರೆ ಅಷ್ಟರೊಳಗೆ ಜೀನ್‌ಗಳ ಸಂಖ್ಯೆ ಸುಮಾರು 28,500. ಬೇಡದ ಮಾತನ್ನೆಲ್ಲ ಬಿಟ್ಟು ಬೇಕಾದದ್ದನ್ನು ಮಾತ್ರ ಇಟ್ಟುಕೊಂಡ ಪುಸ್ತಕ ಅದು.

ಕಾಕನಿಗೆ ಉತ್ತರ

ಈಗ ನಮ್ಮ ಪದವಿಗೆ ಬರೋಣ. ಅಲ್ಲಿ ಕಂಡ ಡ್ರಾಸಿರಾ ಹೂಜಿ ಗಿಡದ ಹಾಗಲ್ಲ. ಮಳೆಗೆ ಹುಟ್ಟಿ, ಹೂವಾಗಿ, ಬಿಸಿಲು ಬರುವಾಗ ಬೀಜ ಉದುರಿಸಿ ಮುಗಿದುಹೋಗುವ ಗಿಡ. ಒಂದೇ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಉಂಟು, ತನ್ನ ಪರಾಗದಿಂದ ತಾನೇ ಬೀಜ ಕಟ್ಟಿಕೊಳ್ಳುತ್ತದೆ. ಇಂಥ ಗಿಡಗಳಲ್ಲಿ ಸಾಮಾನ್ಯ ನಿಯಮ ಉಲ್ಟಾ. ಒಂದು ಗುಂಪಿನೊಳಗಿನ ಗಿಡಗಳು ಬಹುತೇಕ ಒಂದೇ ಥರ, ವ್ಯತ್ಯಾಸ ಇರುವುದು ಒಂದು ಗುಂಪಿಗೂ ಇನ್ನೊಂದು ಗುಂಪಿಗೂ ನಡುವೆ. ಟೀಚರ್ ಇದನ್ನು ಕಾಕನಿಗೆ ಹೀಗೆ ಹೇಳಿದರು:

"ದೊಡ್ಡ ಊರಲ್ಲಿ ಹತ್ತು ಮನೆತನ ಬೆರೆತು ಇದ್ದರೆ, ಒಂದೆರಡು ಮನೆ ಖಾಲಿಯಾದರೂ ಎಲ್ಲ ಮನೆತನದವರು ಸಿಗ್ತಾರೆ. ಒಂದೊಂದು ಗುಡ್ಡೆಯಲ್ಲಿ ಒಂದೊಂದೇ ಮನೆತನ ಇದ್ದರೆ? ಆ ಗುಡ್ಡೆ ಹೋದ್ರೆ ಆ ಮನೆತನವೇ ಹೋಯ್ತು. ಆಚೆ ಪದವಿನಲ್ಲಿ ಇರುವುದು ಇದರ ನೆಂಟ ಇರಬಹುದು ಕಾಕ, ಇದೇ ಅಲ್ಲ. ಎಷ್ಟು ಹತ್ತಿರದ ನೆಂಟ ಅಂತ ಮಣಿ ಎಣಿಸಿಯೇ ಹೇಳಬೇಕು. ಎಣಿಸುವವರೆಗೆ ಜಾಗ ಇದ್ದರೆ ತಾನೆ ಎಣಿಸುವುದು?"

ಕಾಕ ಏನೂ ಹೇಳಲಿಲ್ಲ. ಕೋರೆಯ ಕಡೆ ನೋಡಿದರು.

ನಮಗೂ ಅವರಿಗೆ ಬುದ್ಧಿ ಹೇಳುವ ಬಾಯಿ ಇರಲಿಲ್ಲ. ನಮ್ಮ ಮನೆಯ ಗೋಡೆಯೂ ಮುರಕಲ್ಲಿನದ್ದೇ. ಯಾವ ಪದವಿನಿಂದ ಬಂತು, ಅಲ್ಲಿ ಮಳೆಗಾಲದಲ್ಲಿ ಏನು ಹೂವು ಬಿಡುತ್ತಿತ್ತು ಎಂದು ನಾವು ಯಾವತ್ತೂ ಕೇಳಿದವರಲ್ಲ. ಕರಾವಳಿಯಲ್ಲಿ ಮನೆ, ಮಸೀದಿ, ಶಾಲೆ, ಆವರಣಗೋಡೆ ಎಲ್ಲ ಇದೇ ಕಲ್ಲಿನಿಂದ ಎದ್ದಿವೆ. ಕಲ್ಲು ಕಡಿಯುವವರಿಗೆ, ಲೋಡ್ ಮಾಡುವವರಿಗೆ, ಲಾರಿ ಓಡಿಸುವವರಿಗೆ ಅದರಿಂದಲೇ ಅನ್ನ. ಕೋರೆ ಬೇಡ ಎನ್ನುವುದು ಸುಲಭ, ಆದರೆ ಅದು ಪೂರ್ತಿ ಸತ್ಯವಲ್ಲ. ಮಾಡಬಹುದಾದದ್ದು ಬೇರೆ ಉಂಟು. ಇಡೀ ಪದವು ಕಡಿಯುವ ಮೊದಲು ಆಟಿ ತಿಂಗಳಲ್ಲಿ ಒಮ್ಮೆ ನಡೆದು ನೋಡುವುದು. ನೀರು ನಿಲ್ಲುವ, ಕೆಂಪು ಗಿಡ ಇರುವ ಮೂಲೆಯನ್ನು ಬಿಡುವುದು. ಆ ಮೂಲೆಗೆ ಮಣ್ಣು, ಗೊಬ್ಬರ, ಕಸ ಹಾಕದಿರುವುದು. ಗಿಡ ಕಿತ್ತು ಮನೆಯ ಚಟ್ಟಿಗೆ ತರದಿರುವುದು. ನಳ್ಳಿಯ ನೀರು, ಹಟ್ಟಿಗೊಬ್ಬರ ಸೋಕಿದರೆ ಹೆಚ್ಚು ದಿನ ಬದುಕುವ ಗಿಡ ಅದಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುವುದು. ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಒಂದು ಮಾತು ಹೇಳುವುದು. ಡಾ. ಕೆ. ಗೋಪಾಲಕೃಷ್ಣ ಭಟ್ ಅವರಂಥವರು ಉಡುಪಿ, ದಕ್ಷಿಣ ಕನ್ನಡದ ಗಿಡಗಳನ್ನೆಲ್ಲ ವರ್ಷಗಟ್ಟಲೆ ನಡೆದು ನೋಡಿ ದೊಡ್ಡ ಗ್ರಂಥಗಳಲ್ಲಿ ದಾಖಲಿಸಿಟ್ಟಿದ್ದಾರೆ. ಯಾವ ಗಿಡ ನಮ್ಮಲ್ಲಿ ಉಂಟು ಎಂಬ ಪಟ್ಟಿ ಹಾಗೆ ಸಿಕ್ಕಿದೆ. ಪಟ್ಟಿಯ ಪ್ರತಿ ಹೆಸರಿನ ಹಿಂದೆ ಎಷ್ಟು ಮನೆತನ ಎಂದು ಎಣಿಸುವ ಕೆಲಸ ಮುಂದಿನವರದ್ದು. ವಿಜ್ಞಾನ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಯಾರಾದರೂ ಅದಕ್ಕೆ ಕೈ ಹಾಕಿದರೆ ದೂರದ ಕಾಡು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮನೆಯ ಹಿಂದಿನ ಗುಡ್ಡೆ ಸಾಕು.

ಹೊರಡುವಾಗ ಮಳೆ ಮತ್ತೆ ಹಿಡಿಯಿತು. ಕಾಕ ನಮ್ಮನ್ನು ರಸ್ತೆಯವರೆಗೆ ಬಿಡಲು ಬಂದರು. ಗಿಡ ಇದ್ದ ಜಾಗ ದಾಟುವಾಗ ಕಾಲು ಎತ್ತಿ ಆಚೆ ಇಟ್ಟರು, ನಮಗೂ "ಮೆಟ್ಟಬೇಡಿ, ಮೆಟ್ಟಬೇಡಿ" ಎಂದರು. ಗೇಟಿನ ಹತ್ತಿರ ನಿಂತು ಹೇಳಿದರು:

"ಈ ಜಾಗ ಮಕ್ಕಳಿಗೆ ಪಾಲು ಆಗಲಿಕ್ಕುಂಟು. ಇಬ್ಬರು ದಮ್ಮಾಮಿನಲ್ಲಿದ್ದಾರೆ, ರಜೆಗೆ ಬರುವಾಗ ಬೇಸಿಗೆ. ಆಗ ಇಲ್ಲಿ ಬರೀ ಕಲ್ಲು ಕಾಣುವುದು. ನೀವು ಫೋಟೋ ತೆಗ್ದಿದ್ದೀರಲ್ಲ, ಅದನ್ನು ನನ್ನ ಮೊಬೈಲಿಗೆ ಕಳಿಸಿ. ಅವರಿಗೆ ತೋರಿಸ್ಲಿಕ್ಕೆ ಬೇಕು."

ಅಂದು ಸಂಜೆಯೇ ಕಳಿಸಿದೆವು.